ತೋಳಿಗೆ ಎರಡು ತಟ್ಟು

ಎಲ್ಲಿಂದ ಶುರು ಮಾಡಲಿ? ಬಿದ್ದಲ್ಲಿಂದಲೋ, ಮಾತು ಕೊಟ್ಟಲ್ಲಿಂದಲೋ? ಮಾತಿನಿಂದಲೇ ಆಗಲಿ. ಹದಿನೆಂಟು ವರ್ಷದ ಹಿಂದೆ, ಜೂಡೋ ಕ್ಲಾಸಿಗೆ ಸೇರಿದ ಮೊದಲ ವಾರ, ಅಕ್ಕ ತಂಗಿಗೆ ಹೇಳಿದ್ದಳು: "ಹೊಸ ಪಟ್ಟು ಹಾಕೋ ಮುಂಚೆ ನಿನ್ನ ತೋಳಿಗೆ ಎರಡು ಸಲ ತಟ್ತೀನಿ. ತಟ್ಟದೆ ಹಾಕಲ್ಲ, ಆಯ್ತಾ?"

೧
ಈಗ ಅಕ್ಕನಿಗೆ ನಲವತ್ತು. ಔಷಧಿ ಅಂಗಡಿಯಲ್ಲಿ ದಿನವೆಲ್ಲ ನಿಂತೇ ಕೆಲಸ. ತಂಗಿ ಕೂದಲು ಕತ್ತರಿಸುವ ಪಾರ್ಲರ್ ನಡೆಸುತ್ತಾಳೆ; ಅವಳ ಬಲಗೈ ಕೆಳಗಿಳಿಯುವುದೇ ಕಡಿಮೆ. (ಆ ಕೈ ನೆನಪಿರಲಿ. ಜಾಣ ಕತೆಗಾರರು ಇದನ್ನು ಇಷ್ಟು ಬೇಗ ಬಾಯಿಬಿಡುವುದಿಲ್ಲ.)

೨
ಭಾನುವಾರದ ಪ್ರಾಕ್ಟೀಸ್. ಎಡಕ್ಕೆ ತಿರುಗಿ ಎಸೆಯುವ ಪಟ್ಟೊಂದನ್ನು ಅಕ್ಕ ವಿಡಿಯೋದಲ್ಲಿ ನೋಡಿ, ಅಡುಗೆಮನೆಯ ಬಾಗಿಲಿಗೆ ಟವೆಲ್ ಕಟ್ಟಿ ಒಂದು ತಿಂಗಳು ಕಲಿತಿದ್ದಳು. ಆದರೆ ತಟ್ಟಿದಾಗಲೆಲ್ಲ ತಂಗಿ ಮೈ ಸಡಿಲ ಬಿಟ್ಟು ಹೂವಿನ ಹಾಗೆ ಬೀಳುತ್ತಿದ್ದಳು. ಇಷ್ಟು ವರ್ಷ ಕಲಿತದ್ದರಲ್ಲಿ ತನ್ನ ಪಟ್ಟೆಷ್ಟು, ತಂಗಿಯ ದಾಕ್ಷಿಣ್ಯವೆಷ್ಟು? ಒಂದೇ ಒಂದು ಸಲ ಗೊತ್ತಾಗಬೇಕಿತ್ತು ಅಕ್ಕನಿಗೆ.

"ಏನಕ್ಕಾ, ಕಾಲು ಹಿಂಗಿಡ್ತಿದೀಯ? ಬಾತುಕೋಳಿ ಆಗ್ಬಿಟ್ಯಾ?"

"ಬಾಯ್ಮುಚ್ಕೊಂಡು ಹಿಡಿಯೇ."

ಅಕ್ಕ ತಿರುಗಿದಳು. ಎಂದಿನಂತೆ ಎಡಗಡೆಗೆ ಬೀಳಲು ಸಜ್ಜಾಗಿದ್ದ ತಂಗಿ ಬಲಗಡೆಗೆ ಬಿದ್ದಳು, ಕೈ ಊರಿದಳು. ಭುಜದೊಳಗೆ ಏನೋ ಲಟಕ್ಕೆಂದಿತು.

ಪಟ್ಟು ಮಾತ್ರ ಸರಿಯಾಗಿತ್ತು.

೩
ಇಲ್ಲಿ ಎರಡು ಕೊನೆ ಬರೆದು ಹರಿದೆ. ಒಂದರಲ್ಲಿ ಬರೀ ಉಳುಕು. ಇನ್ನೊಂದರಲ್ಲಿ ಅಕ್ಕ ತಟ್ಟುತ್ತಾಳೆ.

"ಅದನ್ನೇ ಇಟ್ಕೋ," ಎಂದು ಅಕ್ಕ ನನಗೇ ದುಂಬಾಲು ಬಿದ್ದಳು. "ಬರಿಯೋದು ನೀನು ತಾನೆ? ಎರಡು ತಟ್ಟು ಸೇರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಸೇರಿಸಿದೆ. ತಂಗಿ ಹೂವಿನ ಹಾಗೆ ಬಿದ್ದಳು. ಕತೆಯೂ ಅವಳ ಜೊತೆಗೇ ಬಿತ್ತು. ಹೊಡೆದುಹಾಕಿದೆ.

"ನಿಂಗೆ ಕತೆ ಮುಖ್ಯ," ಎಂದಳು ಅಕ್ಕ.

(ನಿನಗೆ ಪಟ್ಟು ಮುಖ್ಯವಾಗಿರಲಿಲ್ಲವೇ, ಎಂದು ಅಂಚಿನಲ್ಲಿ ಬರೆದಿಟ್ಟೆ.)

೪
ಆಸ್ಪತ್ರೆ. ಮೂರು ತಿಂಗಳು ಕತ್ತರಿ ಮುಟ್ಟುವಂತಿಲ್ಲ. ಆಮೇಲೂ ಕೈ ಮೊದಲಿನಷ್ಟು ಮೇಲೇಳುತ್ತದೆಂದು ಹೇಳಲಾಗದು ಎಂದರು ಡಾಕ್ಟರು.

"ನೀನ್ಯಾಕಕ್ಕಾ ಅಳ್ತೀಯ?" ಎಂದಳು ತಂಗಿ. "ತಪ್ಪು ನಂದೇ. ಬೆಳಗ್ಗೆಯಿಂದ ಗಿರಾಕಿ ಮೇಲೆ ಗಿರಾಕಿ, ತೋಳು ಜೋಮು ಹಿಡಿದಿತ್ತು. ನೀನು ತಟ್ಟಿದ್ದು ಗೊತ್ತೇ ಆಗ್ಲಿಲ್ಲ. ತಟ್ಟಿದ್ದೆ ತಾನೆ?"

ಅಕ್ಕ ನನ್ನ ಕಡೆ ನೋಡಿದಳು. 'ಹೂಂ' ಬರೆದುಕೊಟ್ಟೆ, ತಲೆಯಾಡಿಸಿದಳು, ಬೇಡವೆಂದು. 'ಇಲ್ಲ' ಬರೆದುಕೊಟ್ಟೆ, ಅದನ್ನೂ ಪಕ್ಕಕ್ಕೆ ಸರಿಸಿದಳು. ತಂಗಿಯ ದಿಂಬು ಸರಿಮಾಡಿದಳು. ಸರಿಯಿದ್ದ ದಿಂಬನ್ನು ಮತ್ತೆ ಸರಿಮಾಡಿದಳು.

ಕೊನೆಗೆ ಏನಂದಳೋ, ನನಗೆ ಗೊತ್ತಿಲ್ಲ. ನೀವೂ ಕೇಳಬೇಡಿ.

ಅಕ್ಕ ತಟ್ಟಿರಲಿಲ್ಲ.