ತಳಕ್ಕೆ ಅಂಟಿಸಿದ ಗಾಜು

ನಾನು ಒಂದು ರದ್ದಿ ಗಾಜಿನ ಚೂರು. ಕುಲುಮೆಯಲ್ಲಿ ಮರಳು ಕರಗಿ ಹುಟ್ಟಿದಾಗ ಆಳೆತ್ತರದ ಹಾಳೆಯಾಗಿದ್ದೆ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ನನ್ನನ್ನು ಕತ್ತರಿಸಿದರು. ಬೇಕಾದ ಭಾಗ ಯಾವುದೋ ಬ್ಯಾಂಕಿನ ಕಿಟಕಿಗೆ ಹೋಯಿತು. ಅಂಗೈಯಗಲದ ನಾನು ಕಸದ ಡಬ್ಬಿಗೆ ಬಿದ್ದೆ. ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಆ ಕಾರ್ಖಾನೆಯಲ್ಲಿ ಗಾಜಿಗೆ ತೂತು ಕೊರೆಯುವವರು ದಾವಲಸಾಬರು. ಡ್ರಿಲ್ ಆಚೆಗೆ ಹೊರಬೀಳುವ ಕ್ಷಣದಲ್ಲೇ ತೂತಿನ ಅಂಚು ಚಕ್ಕೆ ಏಳುವುದು. ಅದಕ್ಕೇ, ಚಕ್ಕೆ ರದ್ದಿಯಲ್ಲೇ ಏಳಲೆಂದು, ಉಳಿದವರು ತಳಕ್ಕೊಂದು ರದ್ದಿ ಗಾಜನ್ನು ಮೇಣದಿಂದ ಅಂಟಿಸಿಕೊಳ್ಳುತ್ತಿದ್ದರು. "ಅದು ಕಲಿಯೋರ ಕೆಲಸ" ಎಂದು ದಾವಲಸಾಬರು ನಗುತ್ತಿದ್ದರು. ಗಾಜು ತೆಳುವಾದಾಗ ಬದಲಾಗುವ ಸದ್ದು ಕೇಳಿಯೇ ಅವರು ಕೈ ಸಡಿಲಿಸುತ್ತಿದ್ದರು. ಅಷ್ಟು ಜಂಬ!

ಒಮ್ಮೆ ಬಾಯ್ಲರಿನ ಕಿಂಡಿಗೆಂದು ಮೂರು ದಪ್ಪ ಗಾಜು ಬಂದವು. ಎರಡು ಅವರ ಕೈಯಲ್ಲೇ ಚಕ್ಕೆ ಎದ್ದವು. ಒಡತಿ ಸುಮಂಗಲಕ್ಕ ಸಿಡಿದರು.

"ದಾವಲಣ್ಣ, ಇದೂ ಕೆಟ್ಟರ ಮಷೀನು ಬ್ಯಾರೆಯವರಿಗೆ ಕೊಡ್ತೀನಿ. ನೀವು ಪ್ಯಾಕಿಂಗ್ ಮಾಡ್ರಿ."

ಎಲ್ಲರೂ ಊಟಕ್ಕೆ ಹೋದ ಮೇಲೆ ದಾವಲಸಾಬರು ಡಬ್ಬಿಯ ಮುಂದೆ ಕುಕ್ಕರಿಸಿದರು. "ಕಿವಿ ಕೈ ಕೊಟ್ಟಾವು. ಸದ್ದು ಕೇಳವಲ್ದು" ಎಂದು ತಮ್ಮಷ್ಟಕ್ಕೇ ಗೊಣಗಿ, ನನ್ನನ್ನು ಎತ್ತಿಕೊಂಡರು. ತೊಳೆದು, ದಪ್ಪ ಗಾಜಿನೊಂದಿಗೆ ಬಿಸಿಲಿಗಿಟ್ಟರು. ಬೆಚ್ಚಗಾದ ಮೇಲೆ ಮೇಣ ಸವರಿ, ನಡುವೆ ಗಾಳಿ ಉಳಿಯದಂತೆ ಒತ್ತಿದರು.

ನೀರು ಬಿಟ್ಟು ಯಂತ್ರ ಚಾಲೂ ಮಾಡಿದರು. ಡ್ರಿಲ್ ಇಳಿಯತೊಡಗಿತು. ಸದ್ದು ಬದಲಾಯಿತು. ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಕೈ ಸಡಿಲಿಸಿ ಎಂದು ಕೂಗಬೇಕೆನಿಸಿತು, ನನಗೆಲ್ಲಿಯ ಬಾಯಿ? ಅದೇ ರಭಸದಲ್ಲಿ ಡ್ರಿಲ್ ದಪ್ಪ ಗಾಜನ್ನು ದಾಟಿ ನನ್ನೊಳಗೆ ನುಗ್ಗಿತು, ನನ್ನನ್ನೂ ದಾಟಿತು. ಚಟ್! ನನ್ನ ಅಡಿಯಿಂದ ಉಗುರಗಲದ ಚಕ್ಕೆ ಹಾರಿತು.

ಅವರು ಮೇಣ ಕರಗಿಸಿ ನಮ್ಮನ್ನು ಬೇರ್ಪಡಿಸಿದರು. ದಪ್ಪ ಗಾಜಿನ ತೂತಿನ ಸುತ್ತ ಬೆರಳಾಡಿಸಿದರು. ಅಂಚು ನುಣ್ಣಗಿತ್ತು. ಅವರ ಕಣ್ಣು ತುಂಬಿತು.

"ಏನಾತು, ಅಣ್ಣಾ?" ಸುಮಂಗಲಕ್ಕ ಹಿಂದೆ ಬಂದು ನಿಂತಿದ್ದರು. ದಾವಲಸಾಬರು ತಿರುಗಲಿಲ್ಲ. ಅಕ್ಕ ಮತ್ತೊಮ್ಮೆ ಕೇಳಿದರು. ಆಮೇಲೆ ಎದುರಿಗೆ ಬಂದು, ನನ್ನನ್ನು ಎತ್ತಿ ಮುರಿದ ಅಂಚು ನೋಡಿದರು.

"ಕಿವಿ ಯಾವಾಗಿಂದ ಹಿಂಗ?"

"ಹೋದ ರಂಜಾನ್‌ದಿಂದ, ಅಕ್ಕಾರ. ಮಷೀನು ಮಾತ್ರ ಕಸ್ಕೋಬ್ಯಾಡ್ರಿ."

ಅಕ್ಕ ನನ್ನನ್ನು ಕಿಟಕಿಯ ಮೂಲೆಯಲ್ಲಿಟ್ಟರು. ಮರುದಿನದ ಕೆಲಸದ ಗಾಜನ್ನೂ ಇನ್ನೊಂದು ರದ್ದಿ ಚೂರನ್ನೂ ತಾವೇ ತಂದು ಅವರ ಮುಂದಿಟ್ಟರು.

ತೂತು ಬಿದ್ದ ನಾನೀಗ ಕಿಟಕಿಯ ಮೂಲೆಯಲ್ಲಿದ್ದೇನೆ. ಮುರಿದದ್ದಕ್ಕೆ ನನಗೆ ದುಃಖವಿಲ್ಲ. ದಾವಲಸಾಬರು ಇನ್ನೂ ಆ ಯಂತ್ರದಲ್ಲೇ ಇದ್ದಾರೆ. ಅವರನ್ನು ಮಾತಾಡಿಸಬೇಕಾದರೆ ಈಗ ಎಲ್ಲರೂ ಎದುರಿಗೆ ಬಂದು ನಿಲ್ಲುತ್ತಾರೆ.