ನಾಲ್ಕು ಬಿಳಿ ಗುಳಿಗೆ

ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಊರಿಗೆಲ್ಲಾ ಗುಳಿಗಿ ಹಂಚಾವ, ಹೆಂಡ್ತಿಗೆ ಮಾತ್ರ ತೀರ್ಯಾವು ಅಂತ ಸುಳ್ಳು ಹೇಳ್ತಿ — ದ್ಯಾಮಕ್ಕನ ಹಲ್ಲು ಚಳಿಗೆ ಕಟಕಟ ಅನ್ನುತ್ತಿದ್ದವು, ಕೈಯಲ್ಲಿ ಕಾಗದದ ಪೊಟ್ಟಣ, ಬೆಂಕಿಪೊಟ್ಟಣ ಹುಡುಕಲು ಗಂಡನ ಅಂಗಿ ಜೇಬಿಗೆ ಕೈ ಹಾಕಿದವಳಿಗೆ ಸಿಕ್ಕಿದ್ದು ಅದು, ನಾಲ್ಕು ಬಿಳಿ ಗುಳಿಗೆ, ಬಾಯಿ ಮುಚ್ಚು ಸಾಕು ಎಂದು ಸುಂಕಪ್ಪ ಗುಡುಗಿದ, ಏನು ಹೇಳಲಿ ಇವಳಿಗೆ, ಹನ್ನೊಂದು ವರ್ಷದಿಂದ ಕೂಡ್ಲಿಗಿಯ ಮನೆಮನೆ ತಿರುಗಿ, ಯಾರಿಗಾದ್ರೂ ಜ್ವರ ಐತೇನ್ರಿ ಎಂದು ಕೇಳಿ, ಬೆರಳು ಚುಚ್ಚಿ ಗಾಜಿನ ಮೇಲೆ ಒಂದು ಹನಿ ರಕ್ತ ಬಳಿದು, ನಾಲ್ಕು ಗುಳಿಗೆ ನುಂಗಿಸಿ, ಗೋಡೆಯ ಮೇಲೆ ತಾರೀಖು ಬರೆದು ಬರುವ ಮಲೇರಿಯಾ ಇಲಾಖೆಯ ಕೆಲಸ, ಸೂಜಿ ಬಂತು ಸೂಜಿ ಎನ್ನುತ್ತಾರೆ, ಸುಂಕಪ್ಪ ಬಂದ ಎಂದವರಿಲ್ಲ, ಕೂಡಿಸಿ ಒಂದು ಲೋಟ ಚಹಾ ಕೊಟ್ಟವರಿಲ್ಲ, ಜೀಪಿನಲ್ಲಿ ಬಂದ ಸಂಶೋಧನೆಯ ಡಾಕ್ಟರೊಬ್ಬರೇ ಪಕ್ಕಕ್ಕೆ ಕುರ್ಚಿ ಎಳೆದರು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿಸಿದರು, ನೋಡಿ ಸುಂಕಪ್ಪನವರೇ, ಈ ಮಲೇರಿಯಾ ಹುಳ ಮೊದಲು ಉಂಗುರದ ಹಾಗೆ, ಆಮೇಲೆ ದುಂಡಗೆ, ಆಮೇಲೆ ಒಡೆದು ಹತ್ತಾರು ಮರಿ, ಇದರ ಮೈಪೊರೆ ಕೊಬ್ಬಿನದು, ಒಂದೊಂದು ಅವಸ್ಥೆಯಲ್ಲಿ ಆ ಕೊಬ್ಬಿನ ಬೆರಕೆ ಬೇರೆ, ಬೇಕಾದ್ದನ್ನೆಲ್ಲ ನಮ್ಮ ರಕ್ತದಿಂದಲೇ ಕದಿಯುತ್ತದೆ, ಗುಳಿಗೆ ನುಂಗದ ಜ್ವರದವರ ಒಂದು ಸಿರಿಂಜು ರಕ್ತ ಸಿಕ್ಕರೆ ಅಳೆದು ನೋಡಬಹುದು, ನಾಳೆ ಮಂಜುಗಡ್ಡೆ ಪೆಟ್ಟಿಗೆ ತರ್ತೀನಿ — ಸುಂಕಪ್ಪನವರೇ! ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ! ಅದೇ ಸಂಜೆ, ಡಾಕ್ಟರ ಮಾತನ್ನೆಲ್ಲ ಮನೆಯಲ್ಲಿ ಹೇಳಿ ಹಿಗ್ಗುತ್ತಿರುವಾಗಲೇ, ದ್ಯಾಮಕ್ಕನಿಗೆ ಚಳಿ ಹತ್ತಿತು, ಗುಳಿಗೆ ತೀರ್ಯಾವು ಅಂದುಬಿಟ್ಟ, ಒಂದು ದಿನವಲ್ಲವೇ, ಡಾಕ್ಟರು ರಕ್ತ ತಗೊಂಡ ಮೇಲೆ ನುಂಗಿಸಿದರಾಯ್ತು, ಮರುದಿನ ಜೀಪು ಬರಲಿಲ್ಲ, ಅದರ ಮರುದಿನವೂ ಇಲ್ಲ, ಇದು ಮೂರನೆಯ ದಿನ, ಬಾಗಿಲಲ್ಲಿ ಜೀಪಿನ ಸದ್ದಿಗೆ ಕಿವಿಗೊಟ್ಟವನಿಗೆ ಒಳಗಿನ ನರಳಾಟ ಕೇಳಲಿಲ್ಲ, ಈಗ ನುಂಗು, ನೀರು ಕೊಡ್ತೀನಿ ಎನ್ನಬೇಕು, ಕಣ್ಣು ಮತ್ತೆ ಬೀದಿಯ ಕಡೆ ಹೊರಳಿತು. ನನ್ನ ರಕ್ತದಾಗ ಹುಳ ಸಾಕಿದಿ, ಕುರಿ ಸಾಕಿದಂಗ, ಎಂದಳು ದ್ಯಾಮಕ್ಕ, ದನಿ ಏರಿಸದೆ, ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿ ಬಿಚ್ಚಿಟ್ಟಳು, ಕೊಟ್ಟೂರಾಗ ನನ್ನ ತಮ್ಮ ಅದಾನ, ದವಾಖಾನಿ ಐತಿ, ಕಂಬಳಿ ಹೊದ್ದೇ ಹೊಸ್ತಿಲು ದಾಟಿದಳು, ಕುಂದ್ರು ಎನ್ನಬೇಕೆಂದಿದ್ದ, ಹೋಗು, ಯಾರು ಬ್ಯಾಡ ಅಂದ್ರು ಎಂದು ಬಾಯಿ ಕೂಗಿತು, ಬಸ್ಸಿನ ಹಾರ್ನು, ಧೂಳು, ಮರುದಿನ ಜೀಪು ಬಂತು, ಖಾಲಿ ಪೆಟ್ಟಿಗೆಯೊಡನೆ ಹೋಯಿತು, ಹದಿನೈದು ದಿನಕ್ಕೆ ಸರದಿಯ ಪ್ರಕಾರ ಓಣಿ ತಿರುಗುತ್ತ ತನ್ನದೇ ಬಾಗಿಲಿಗೆ ಬಂದ, ಗೋಡೆಗೆ ತಾರೀಖು ಬರೆದ, ಬಂದ್ಯಾ ಎನ್ನುತ್ತಿದ್ದವಳು ಅವಳೊಬ್ಬಳೇ, ಬೀಗ ತೆಗೆದು ಒಳಗೆ ಮುಖ ಹಾಕಿ, ರೂಢಿ, ಯಾರಿಗಾದ್ರೂ ಜ್ವರ ಐತೇನ್ರಿ — ಗೂಡಿನಲ್ಲಿ, ಬಿಚ್ಚಿದ ಕಾಗದದ ಮೇಲೆ, ನಾಲ್ಕು ಬಿಳಿ ಗುಳಿಗೆ