ಸುಶಿ ಅಂಗಡಿಯ ಮಾವ, ಸೊಸೆ

ಮೂಲೆಯ ಸುಶಿ ಅಂಗಡಿಯವರು ಅವರಿಬ್ಬರನ್ನೂ ಮೊದಲಿನಿಂದಲೂ ಅಪ್ಪ, ಮಗಳೆಂದೇ ತಿಳಿದಿದ್ದರು. ನಿಜದಲ್ಲಿ ಅವರು ಮಾವ, ಸೊಸೆ. ಮಾವ ನಿವೃತ್ತ ಬಸ್ ಚಾಲಕ. ಸೊಸೆ ಅದೇ ಬೀದಿಯ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಇಬ್ಬರನ್ನೂ ಬೆಸೆದಿದ್ದ ಮಗ ಒಂದು ಸಂಜೆ ಫುಟ್‌ಬಾಲ್ ಆಡುತ್ತಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಮಗ ಹೋದ ಮೇಲೆ ಮಾವನಿಗೆ ಊಟ ಸೇರದಾಯಿತು. ಅಳುವೂ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಸೊಸೆ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಈ ಅಂಗಡಿಗೆ ಬಂದಳು. ಗೋಡೆಗೆ ಬೆನ್ನು ತಾಗುವಷ್ಟು ಇಕ್ಕಟ್ಟಾದ ಜಾಗ. ಎದುರಿಗೇ ಅಡುಗೆಯವನು ಒದ್ದೆ ಕೈಯಲ್ಲಿ ವಿನೆಗರ್ ಬೆರೆಸಿದ ಅನ್ನವನ್ನು ಒತ್ತಿ, ಮೇಲೆ ಹಸಿ ಮೀನಿನ ತೆಳು ಹೋಳು ಕೂರಿಸುತ್ತಿದ್ದ. ತಟ್ಟೆಯಂಚಿನ ಹಸಿರು ವಸಾಬಿ ಏನೆಂದು ತಿಳಿಯದೆ ಮಾವ ಅಷ್ಟನ್ನೂ ಬಾಯಿಗೆ ಹಾಕಿಕೊಂಡರು. ಮೂಗು ಉರಿದು ಕಣ್ಣಲ್ಲಿ ಧಾರೆಯಿಳಿಯಿತು. ಖಾರ ಅಡಗಿದ ಮೇಲೂ ಅದು ನಿಲ್ಲಲಿಲ್ಲ. ಸೊಸೆ ಬೆನ್ನು ಸವರುತ್ತ ಕುಳಿತಳು. ಅಡುಗೆಯವನು ಅತ್ತ ತಿರುಗಿ ಚಾಕು ಒರೆಸತೊಡಗಿದ.

ಅಂದಿನಿಂದ ಪ್ರತಿ ಭಾನುವಾರವೂ ಅಲ್ಲೇ ಊಟ. ಸ್ಟೀರಿಂಗ್ ಹಿಡಿದು ಒರಟಾದ ಮಾವನ ಬೆರಳುಗಳಿಗೆ ತುತ್ತು ಎತ್ತುವ ಜೋಡಿ ಕಡ್ಡಿಗಳೂ ಒಗ್ಗಿದವು. ಮೀನು ಜಾರಿ ಸೋಯಾ ಸಾಸಿನ ಬಟ್ಟಲಿಗೆ ಬಿದ್ದಾಗಲೆಲ್ಲ ಬ್ರೇಕ್ ಫೇಲಾಯಿತೆಂದು ತಾವೇ ನಗುತ್ತಿದ್ದರು. ಇನ್ನೊಂದು ಮದುವೆಯಾಗು, ನಿನಗಿನ್ನೂ ವಯಸ್ಸಿದೆ ಎಂದು ಮೊದಲು ಹೇಳಿದ್ದೂ ಅವರೇ.

ಕೊನೆಗೊಂದು ಭಾನುವಾರ ಸೊಸೆ ಒಪ್ಪಿರುವ ಸುದ್ದಿ ಹೇಳಿದಳು. ದೂರದ ಊರಿನ ಮೇಷ್ಟ್ರು, ಹೆಂಡತಿ ತೀರಿಕೊಂಡವರು. ಸಿಟ್ಟಿನವನೇ, ಕುಡಿಯುತ್ತಾನೆಯೇ ಎಂದೆಲ್ಲ ವಿಚಾರಿಸಿ ಮಾವ ಹಿಗ್ಗಿದರು. ಆಗಾಗ ಭಾನುವಾರ ತಾವೇ ಬಸ್ಸು ಹತ್ತಿ ಅಲ್ಲಿಗೆ ಬರುವುದಾಗಿಯೂ ಹೇಳಿದರು.

ಸೊಸೆ ಕಡ್ಡಿ ಕೆಳಗಿಟ್ಟಳು. ‘ಅವರು ಹಳೇದನ್ನೆಲ್ಲ ಇಲ್ಲೇ ಬಿಟ್ಟು ಬಾ ಅಂದಿದಾರೆ, ಮಾವ.’

‘ಹಳೇದು ಅಂದ್ರೆ, ನಾನೂನಾ?’

ಅವಳು ತಲೆ ತಗ್ಗಿಸಿದಳು. ಎಷ್ಟೋ ವಾದಿಸಿ ನೋಡಿದ್ದಳಂತೆ. ತೀರಿಹೋದ ಗಂಡನ ಫೋಟೊ ಇಟ್ಟುಕೊಳ್ಳಲಿ, ಆ ಮನೆಯವರ ಒಡನಾಟ ಮಾತ್ರ ಬೇಡವೆಂದು ಆತ ಹಟ ಹಿಡಿದಿದ್ದನಂತೆ. ಆಮೇಲೆ ಮೆಲ್ಲಗೆ ಅಂದಳು: ‘ನೀವು ಬೇಡ ಅಂದ್ರೆ ನಾನು ಹೋಗಲ್ಲ.’

ಬೇಡ ಎಂಬ ಮಾತು ಮಾವನ ನಾಲಿಗೆಯ ತುದಿಗೇ ಬಂದಿತ್ತು. ಅವರು ತಮ್ಮ ತಟ್ಟೆಯ ತುಂಡನ್ನೆತ್ತಿ ಅವಳ ತಟ್ಟೆಗಿಟ್ಟರು.

‘ಮೊದಲು ತಿನ್ನು. ಹೋಗು ಮಗಳೇ, ಚೆನ್ನಾಗಿರು. ಫೋನ್ ಮಾಡದಿದ್ರೂ ನಾನೇನೂ ಅಂದ್ಕೊಳ್ಳಲ್ಲ.’

ಅವಳು ಹೋದಳು. ಫೋನ್ ಬರಲಿಲ್ಲ.

ಮಾವ ಒಂದಷ್ಟು ವಾರ ಒಬ್ಬರೇ ಬಂದರು. ಮಗಳ ಮದುವೆಯಾಯಿತೆಂದು ಹೇಳಿಕೊಂಡರು. ಗಲ್ಲಾದಲ್ಲಿ ಕೂರುತ್ತಿದ್ದ ಅಡುಗೆಯವನ ಹೆಂಡತಿಗೆ ಖುಷಿಯೋ ಖುಷಿ. ತವರಿಗೆ ಯಾವಾಗ ಬರುತ್ತಾಳೆಂದು ಪ್ರತಿ ಸಲವೂ ಕೇಳುವಳು. ಒಮ್ಮೆ ರಜೆ ಸಿಕ್ಕಿಲ್ಲವೆಂದರು, ಇನ್ನೊಮ್ಮೆ ಮೈ ಹುಷಾರಿಲ್ಲವೆಂದರು. ಹೇಳುವ ಸುಳ್ಳೆಲ್ಲ ಮುಗಿದ ಮೇಲೆ ಅಂಗಡಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟರು.

ಒಂದು ಬೆಳಗ್ಗೆ ಷಟರ್ ಎತ್ತುತ್ತಿದ್ದ ಅಡುಗೆಯವನು ತರಕಾರಿ ತರಲು ಹೊರಟಿದ್ದ ಅವರನ್ನು ಕಂಡು, ಯಾಕೆ ಬರುತ್ತಿಲ್ಲವೆಂದು ಕೇಳಿದ. ಡಾಕ್ಟರು ಹಸಿ ಮೀನು ತಿನ್ನಬಾರದೆಂದಿದ್ದಾರೆ ಎಂದರು ಮಾವ.

‘ಅಷ್ಟೇ ತಾನೆ? ಬೇಯಿಸಿ ಕೊಡ್ತೀನಿ, ಬನ್ನಿ.’

ಬರುತ್ತೇನೆಂದು ತಲೆಯಾಡಿಸಿದರು. ಮರುದಿನದಿಂದ ತರಕಾರಿಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗತೊಡಗಿದರು.